ಹೊರಡಲು ಇನ್ನು 19 ದಿನ, ಕಾಯಿಲೆ ಬಿದ್ದರೆ ಎಂಬ ಭಯ ಬಿಡುತ್ತಿಲ್ಲ

ನೀಲಿಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಇನ್ನು 19 ದಿನಕ್ಕೆ ವಿದೇಶಕ್ಕೆ ಹೊರಟಿದ್ದೇನೆ, ಐದು ತಿಂಗಳ ಮಟ್ಟಿಗೆ. ಅಲ್ಲಿರುವ ನನ್ನ ಅಕ್ಕನಿಗೆ ಇದು ಚೊಚ್ಚಲ ಹೆರಿಗೆ. ನಾನು ತಲುಪಿದ ಮೂರು ವಾರಕ್ಕೆ ಅವಳಿಗೆ ದಿನ ತುಂಬುತ್ತದೆ. ಜೊತೆಗಿರಲು ನನ್ನನ್ನು ಬಿಟ್ಟರೆ ಯಾರಿಗೂ ಆಗುವುದಿಲ್ಲ. ವೀಸಾ, ಟಿಕೆಟ್, ರಜೆ ಎಲ್ಲವೂ ಆಗಿದೆ. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಉಗುಳು ನುಂಗಿ, ಗಂಟಲು ಕೆರೆಯುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತೇನೆ. ದಿನಕ್ಕೆ ಐದಾರು ಸಲ ಥರ್ಮಾಮೀಟರ್ ಇಟ್ಟುಕೊಳ್ಳುತ್ತೇನೆ. 36.8 ಬಂದರೆ ಸಮಾಧಾನ, 37.1 ಬಂದರೆ ಎದೆ ಡವಡವ. ಮನೆಯಲ್ಲಿ ಅಣ್ಣನ ಮಗನಿದ್ದಾನೆ, ನಾಲ್ಕು ವರ್ಷ, ಶಾಲೆಗೆ ಸೇರಿ ಎರಡು ತಿಂಗಳಾಯಿತು. ಅಂದಿನಿಂದ ಅವನ ಮೂಗು ಸೋರದ ದಿನವಿಲ್ಲ. ಮೊನ್ನೆ ಸಂಜೆ ಓಡಿಬಂದು ನನ್ನನ್ನು ತಬ್ಬಿಕೊಳ್ಳಲು ಹೊರಟವನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಅವನು ಅಳಲಿಲ್ಲ. ಸುಮ್ಮನೆ ನಿಂತು ನನ್ನ ಕೈಯನ್ನೇ ನೋಡಿದ. ಅದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಹೊರಡುವವರೆಗೆ ಗೆಳತಿಯ ಖಾಲಿ ಕೋಣೆಗೆ ಹೋಗಿ ಇದ್ದುಬಿಡಲೇ? ಕಾಯಿಲೆ ಬಾರದಂತೆ ತಡೆಯುವ ಮಾತ್ರೆ, ಟಾನಿಕ್ ಏನಾದರೂ ಇದೆಯೇ? ಅನುಭವ ಇರುವವರು ದಯವಿಟ್ಟು ಹೇಳಿ.

ಕಿಟಕಿಸೀಟು
ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ. ಪ್ರತಿ ಪ್ರಯಾಣಕ್ಕೂ ಎರಡು ದಿನ ಮುಂಚೆ ನನ್ನ ಗಂಟಲು ನೋಯುತ್ತದೆ. ವಿಮಾನ ಮೇಲೇರಿದರೆ ಆ ನೋವಿನ ನೆನಪೂ ಇರುವುದಿಲ್ಲ.

ಎರಡನೇಮಾತು
19 ದಿನ ಮನೆ ಬಿಟ್ಟು ಇರುವುದೆಂದರೆ ಅತಿಯಾಯಿತು. ನೆಗಡಿ ಬಂದರೆ ಬರಲಿ, ವಾರದಲ್ಲಿ ಹೋಗುತ್ತದೆ. ಇಷ್ಟಕ್ಕೆಲ್ಲ ಹೆದರಿದರೆ ಅಲ್ಲಿ ಐದು ತಿಂಗಳು ಹೇಗೆ ಕಳೆಯುತ್ತೀರಿ?

ರಾತ್ರಿಪಾಳಿ
ಹದಿನಾರು ವರ್ಷದಿಂದ ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ನೀಲಿಪೆಟ್ಟಿಗೆಯವರೇ, ನಿಮ್ಮ ಲೆಕ್ಕ ತಪ್ಪು ಕಡೆಯಿಂದ ಶುರುವಾಗಿದೆ, ಅದನ್ನು ತಿರುಗಿಸಿ ನೋಡೋಣ.

ನೆಗಡಿಯ ವೈರಸ್ ದೇಹ ಹೊಕ್ಕ ಮೇಲೆ ಒಂದರಿಂದ ಮೂರು ದಿನದಲ್ಲಿ ಮೂಗು ಸೋರತೊಡಗುತ್ತದೆ. ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಒಂದರಿಂದ ನಾಲ್ಕು ದಿನ. ವಾಂತಿಭೇದಿ ತರುವ ನೊರೊವೈರಸ್ 12ರಿಂದ 48 ಗಂಟೆ. ಸಾಧಾರಣ ನೆಗಡಿ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮಾತ್ರ ಕೆಲವರಲ್ಲಿ ಇನ್ನೊಂದು ವಾರ ಎಳೆಯಬಹುದು. ಅಂದರೆ ಇವತ್ತು ನಿಮ್ಮ ಅಣ್ಣನ ಮಗನಿಂದ ನೆಗಡಿ ಅಂಟಿದರೂ ನೀವು ಪೆಟ್ಟಿಗೆ ಕಟ್ಟುವ ಹೊತ್ತಿಗೆ ಅದು ಹೋಗಿರುತ್ತದೆ. ಜಾಗ್ರತೆ ಬೇಕಾದದ್ದು ಕೊನೆಯ ವಾರ, ಹತ್ತು ದಿನ. ಈಗಲೇ ಮನೆ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ಈ ವಾರವೇ ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ನೀವು ಹೇಳಲೇ ಇಲ್ಲ. ಲಸಿಕೆ. ನವಜಾತ ಶಿಶುವಿಗೆ ನಾಯಿಕೆಮ್ಮು ಜೀವಕ್ಕೇ ಅಪಾಯ, ಮತ್ತು ಮಗುವಿಗೆ ಅದರ ಮೊದಲ ಲಸಿಕೆ ಸಿಗುವುದು ಒಂದೂವರೆ, ಎರಡು ತಿಂಗಳು ತುಂಬಿದ ಮೇಲೆ. ಫ್ಲೂ ಲಸಿಕೆಯಂತೂ ಆರು ತಿಂಗಳಾಗುವವರೆಗೆ ಕೊಡುವಂತೆಯೇ ಇಲ್ಲ. ಅಲ್ಲಿಯವರೆಗೆ ಸುತ್ತ ಇರುವ ದೊಡ್ಡವರೇ ಮಗುವಿಗೆ ಬೇಲಿ. ದೊಡ್ಡವರಿಗೆ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿ ಒಂದೇ ಚುಚ್ಚುಮದ್ದು ಇದೆ, ಫ್ಲೂಗೆ ಇನ್ನೊಂದು. ಎರಡೂ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ನಿಮ್ಮ ಬಳಿ 19 ದಿನ ಇದೆ. ನಾಳೆಯೇ ವೈದ್ಯರನ್ನು ನೋಡಿ.

ನೀಲಿಪೆಟ್ಟಿಗೆ
ಅಯ್ಯೋ, ನಾಯಿಕೆಮ್ಮಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ನನ್ನ ಗಂಟಲಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಅಕ್ಕನೂ ಹಾಕಿಸಿಕೊಳ್ಳಬೇಕೇ?

ರಾತ್ರಿಪಾಳಿ
ಹೌದು, ಮುಖ್ಯವಾಗಿ ಅವರೇ. ಬಸುರಿಗೆ 27ರಿಂದ 36ನೇ ವಾರದ ನಡುವೆ ಕೊಟ್ಟರೆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಮಗುವಿಗೆ ದಾಟುತ್ತವೆ. ಬಹುಶಃ ಅವರ ವೈದ್ಯರು ಆಗಲೇ ಕೊಟ್ಟಿರುತ್ತಾರೆ. ಕೇಳಿ ನೋಡಿ.

ಹಳೇಪಯಣಿಗ
ನಾನು ಮೂವತ್ತು ವರ್ಷದಿಂದ ದೇಶ ಸುತ್ತುತ್ತಿದ್ದೇನೆ. ಹೊರಡುವ ಒಂದು ತಿಂಗಳ ಮುಂಚಿನಿಂದ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ನುಂಗುತ್ತೇನೆ. ಒಮ್ಮೆಯೂ ಪ್ರಯಾಣ ತಪ್ಪಿಲ್ಲ. ನೀವೂ ಶುರು ಮಾಡಿ.

ಅಳತೆಗೋಲು
ಹಳೇಪಯಣಿಗರೇ, ನಿಮ್ಮ ಪ್ರಯಾಣ ತಪ್ಪದಿದ್ದದ್ದು ಸಂತೋಷ, ಆದರೆ ಅದರ ಕೀರ್ತಿ ಮಾತ್ರೆಗೆ ಸಲ್ಲುವುದು ಅನುಮಾನ. ಹತ್ತಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವಿಮರ್ಶೆ ಕಂಡುಕೊಂಡದ್ದು ಬೇರೆ. ದಿನವೂ ವಿಟಮಿನ್ ಸಿ ತೆಗೆದುಕೊಂಡ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು ಶೇ 8ರಷ್ಟು ಬೇಗ ಇಳಿಯಿತು, ಅಂದರೆ ಹೆಚ್ಚೆಂದರೆ ಅರ್ಧ ದಿನ ಮುಕ್ಕಾಲು ದಿನ. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ತರಬೇತಿ ಪಡೆಯುವ ಸೈನಿಕರು ಇಂಥವರಲ್ಲಿ ಮಾತ್ರ ನೆಗಡಿ ಅರ್ಧದಷ್ಟು ಕಡಿಮೆಯಾಗಿತ್ತು.

ಹಳೇಪಯಣಿಗ
ಪುಸ್ತಕದ ಲೆಕ್ಕ ನಿಮ್ಮದು, ಮೈಯ ಲೆಕ್ಕ ನನ್ನದು. ನಾನು ನಿಲ್ಲಿಸುವುದಿಲ್ಲ.

ಅಳತೆಗೋಲು
ನಿಲ್ಲಿಸಿ ಎಂದು ನಾನು ಹೇಳಿಲ್ಲ. ಆದರೆ ಭಯದಲ್ಲಿರುವವರಿಗೆ "ಇದನ್ನು ನುಂಗಿದರೆ ಬರುವುದಿಲ್ಲ" ಎಂದು ಮಾತು ಕೊಡಬಾರದು. ನಾಳೆ ನೆಗಡಿ ಬಂದರೆ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಎರಡನೇಮಾತು
ನಾನು ಮೊದಲೇ ಹೇಳಿದೆ, ಚಿಂತೆ ಬಿಡಿ ಎಂದು. ಚಿಂತೆ ಮಾಡಿದರೇ ರೋಗ ಬರುವುದು.

ಅಳತೆಗೋಲು
ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಶೆಲ್ಡನ್ ಕೋಹೆನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 394 ಆರೋಗ್ಯವಂತರ ಮೂಗಿಗೆ ವೈರಸ್ ಇರುವ ಹನಿ ಹಾಕಿ ನೋಡಿ, 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾನಸಿಕ ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗಲುವುದು ಹೆಚ್ಚಿತ್ತು. ಆದರೆ ಕೆಲಸಕ್ಕೆ ಬರುವುದು 2015ರ ಇನ್ನೊಂದು ಅಧ್ಯಯನ. 164 ಜನರ ನಿದ್ದೆಯನ್ನು ಕೈಗೆ ಕಟ್ಟಿದ ಯಂತ್ರದಿಂದ ಅಳೆದು, ಬಳಿಕ ಹೀಗೆಯೇ ವೈರಸ್ ಹಾಕಿದರು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ, ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಮೀರಿತ್ತು.

ಅದಕ್ಕೇ ಹೇಳುವುದು, "ಚಿಂತೆ ಮಾಡಬೇಡಿ" ಎನ್ನುವ ಬದಲು "ಇವತ್ತು ಎಷ್ಟು ಹೊತ್ತಿಗೆ ಮಲಗುತ್ತೀರಿ" ಎಂದು ಕೇಳಿ. ಚಿಂತೆಯಿಂದಲೇ ರೋಗ ಬರುತ್ತದೆ ಎಂದು ಹೆದರಿಸಿದರೆ ಚಿಂತೆಯ ಮೇಲೆ ಚಿಂತೆ ಪೇರಿಸಿದಂತೆ.

ನೀಲಿಪೆಟ್ಟಿಗೆ
ನಿಜ ಹೇಳಲೇ? ರಾತ್ರಿ ಎರಡರವರೆಗೆ ಕಾಯಿಲೆಯ ಲಕ್ಷಣಗಳನ್ನು ಮೊಬೈಲಿನಲ್ಲಿ ಓದುತ್ತಾ ಕೂರುತ್ತೇನೆ.

ರಾತ್ರಿಪಾಳಿ
ಹಾಗಾದರೆ ಇವತ್ತಿನಿಂದ ಮೊಬೈಲ್ ಬೇರೆ ಕೋಣೆಯಲ್ಲಿ ಮಲಗಲಿ. ಥರ್ಮಾಮೀಟರ್ ನಿಮ್ಮ ಅತ್ತಿಗೆಯ ಕೈಯಲ್ಲಿರಲಿ. ಮೈ ನಿಜವಾಗಿ ಬಿಸಿಯಾದರೆ ಮಾತ್ರ ಕೇಳಿ ಪಡೆಯಿರಿ. 37.1 ಜ್ವರವಲ್ಲ. 38 ದಾಟಿದರೆ ಜ್ವರ. ಮೈಯ ಶಾಖ ಬೆಳಿಗ್ಗೆಗಿಂತ ಸಂಜೆ ಸಹಜವಾಗಿಯೇ ತುಸು ಏರುತ್ತದೆ.

ತಾರಾಪಥ
ಈ ಭಯ ನಮ್ಮಂಥವರಿಗೆ ಮಾತ್ರವಲ್ಲ, ಚಂದ್ರನಿಗೆ ಹೊರಟವರನ್ನೂ ಬಿಟ್ಟಿಲ್ಲ. 1970ರ ಏಪ್ರಿಲ್‌ನಲ್ಲಿ ಅಪೋಲೊ 13 ಹೊರಡಲು ಮೂರು ದಿನ ಇರುವಾಗ ಕೆನ್ ಮ್ಯಾಟಿಂಗ್ಲಿ ಅವರನ್ನು ತಂಡದಿಂದ ತೆಗೆದರು. ಮೀಸಲು ತಂಡದಲ್ಲಿದ್ದ ಚಾರ್ಲಿ ಡ್ಯೂಕ್ ಅವರಿಗೆ ಪರಿಚಯದವರ ಮಗುವಿನಿಂದ ರುಬೆಲ್ಲಾ ಎಂಬ, ಮೈಮೇಲೆ ದದ್ದು ಏಳಿಸುವ ಅಂಟುರೋಗ ಬಂದಿತ್ತು, ಮ್ಯಾಟಿಂಗ್ಲಿ ಅವರಿಗೆ ಅದರ ವಿರುದ್ಧ ಪ್ರತಿರೋಧ ಶಕ್ತಿ ಇರಲಿಲ್ಲ. ಅವರ ಜಾಗಕ್ಕೆ ಜ್ಯಾಕ್ ಸ್ವಿಗರ್ಟ್ ಹೋದರು. ಮುಂದೆ ಆಮ್ಲಜನಕದ ತೊಟ್ಟಿ ಸಿಡಿದದ್ದು, ಮೂವರೂ ಪ್ರಾಣ ಉಳಿಸಿಕೊಂಡು ಮರಳಿದ್ದು ಎಲ್ಲರಿಗೂ ಗೊತ್ತು. ಮ್ಯಾಟಿಂಗ್ಲಿ ಅವರಿಗೆ ಕೊನೆಗೂ ರುಬೆಲ್ಲಾ ಬರಲೇ ಇಲ್ಲ. ನೆಲದ ಮೇಲೆ ನಿಂತೇ, ನೌಕೆಯನ್ನು ಮತ್ತೆ ಚಾಲೂ ಮಾಡುವ ವಿಧಾನ ರೂಪಿಸಲು ನೆರವಾದರು. ಎರಡು ವರ್ಷದ ಬಳಿಕ, 1972ರಲ್ಲಿ, ಅಪೋಲೊ 16ರಲ್ಲಿ ಹೋದರು. ಅವರ ಜೊತೆ ಅದೇ ನೌಕೆಯಲ್ಲಿದ್ದವರಲ್ಲಿ ಒಬ್ಬರು ಚಾರ್ಲಿ ಡ್ಯೂಕ್!

ಆ ಘಟನೆಯ ಮೇಲೆ ಅಪೋಲೊ 14ರಿಂದ ಮೂರು ವಾರ ಮುಂಚೆಯೇ ಗಗನಯಾತ್ರಿಗಳನ್ನು ಹೊರಗಿನವರಿಂದ ದೂರವಿಡುವ ಕ್ರಮ ಬಂತು.

ಎರಡನೇಮಾತು
ಒಳ್ಳೆಯ ಕಥೆ. ಆದರೆ ಚಂದ್ರನ ಮೇಲೆ ವೈದ್ಯರಿಲ್ಲ. ಅವರ ಅಕ್ಕನ ಊರಿನಲ್ಲಿ ಇದ್ದಾರೆ. ಹೋಲಿಕೆ ಸರಿಯಲ್ಲ.

ತಾರಾಪಥ
ನಾನು ಬರೆದದ್ದು ಆ ಹೋಲಿಕೆಗಲ್ಲ. ಅಷ್ಟು ದೊಡ್ಡ ಪ್ರಯಾಣ ತಪ್ಪಿದವನಿಗೂ ಮುಂದಿನ ಸರದಿ ಬಂತು ಎಂಬುದಕ್ಕೆ ಬರೆದೆ.

ನೀಲಿಪೆಟ್ಟಿಗೆ
ನನಗೆ ಮುಂದಿನ ಸರದಿ ಇಲ್ಲವಲ್ಲ. ಹೆರಿಗೆ ಕಾಯುವುದಿಲ್ಲ.

ಸಣ್ಣಚೀಲ
ನೀಲಿಪೆಟ್ಟಿಗೆಯವರೇ, ಹೆರಿಗೆ ಕಾಯುವುದಿಲ್ಲ, ಒಪ್ಪುತ್ತೇನೆ. ಆದರೆ ನೀವು ತಲುಪುವುದು ಮೂರು ವಾರ ಮುಂಚೆ. ಕಾಯಿಲೆಯಿಂದ ಐದು ದಿನ ತಡವಾದರೂ ಹೆರಿಗೆಗೆ ಅಲ್ಲಿರುತ್ತೀರಿ. ಆದ್ದರಿಂದ ತಡವಾದರೆ ಏನು ಮಾಡುವುದು ಎಂಬುದನ್ನು ಈಗಲೇ ತೀರ್ಮಾನಿಸಿಬಿಡಿ. ನನಗೆ ಹೊರಡುವ ಮೂರು ದಿನ ಮುಂಚೆ ಜೋರು ಜ್ವರ ಬಂದಿತ್ತು. ನಾನು ಗಾಬರಿಯಲ್ಲಿ ಮೊದಲು ಟಿಕೆಟ್ ರದ್ದು ಮಾಡಿದೆ, ಎರಡು ದಿನ ಬಿಟ್ಟು ವೈದ್ಯರ ಹತ್ತಿರ ಹೋದೆ. ವಿಮಾ ಕಂಪನಿಯವರು ಕೇಳಿದ್ದು ಒಂದೇ ಪ್ರಶ್ನೆ: ರದ್ದು ಮಾಡುವ ಮೊದಲೇ ವೈದ್ಯರು ಬರೆದುಕೊಟ್ಟ ಪತ್ರ ಎಲ್ಲಿ? ಇರಲಿಲ್ಲ. ಹಣ ಹೋಯಿತು. ನಾಲ್ಕು ತಿಂಗಳು ಪತ್ರ ಬರೆದು ಬರೆದು ಸೋತೆ.

ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ವಿಮೆ ಅಲ್ಲಿಗೆ ಹೋದ ಮೇಲಿನ ಆಸ್ಪತ್ರೆ ಖರ್ಚಿಗೆ ಮಾತ್ರವೋ, ಹೊರಡುವ ಮುಂಚೆ ರದ್ದಾದರೂ ಕೊಡುತ್ತದೆಯೋ? ಈ ಎರಡೂ ಬೇರೆ ಬೇರೆ. ಟಿಕೆಟ್ ದಿನ ಬದಲಿಸಲು ಎಷ್ಟು ಕೊಡಬೇಕು, ಎಷ್ಟು ಗಂಟೆ ಮುಂಚೆ ಹೇಳಬೇಕು? ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ನಾನು ಹಾಗೆ ಮಾಡಲು ಶುರು ಮಾಡಿದ ಮೇಲೆ ನನ್ನ ಭಯ ಅರ್ಧಕ್ಕಿಳಿಯಿತು.

ಕಿಟಕಿಸೀಟು
ಒಂದು ಸಂಶಯ. ಬರೀ ನೆಗಡಿ ಇದ್ದರೆ ವಿಮಾನ ಏರಬಹುದೇ? ಒಮ್ಮೆ ಇಳಿಯುವಾಗ ಕಿವಿಗೆ ಸೂಜಿ ಚುಚ್ಚಿದಂತೆ ನೋವಾಗಿ ಎರಡು ದಿನ ಕೇಳಿಸಲೇ ಇಲ್ಲ.

ರಾತ್ರಿಪಾಳಿ
ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಿರುತ್ತದೆ. ಇಳಿಯುವಾಗ ಒತ್ತಡ ಮತ್ತೆ ಏರುತ್ತದೆ. ಕಿವಿಯ ಒಳಗೂ ಹೊರಗೂ ಅದನ್ನು ಸಮ ಮಾಡುವುದು ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ. ನೆಗಡಿಯಲ್ಲಿ ಅದು ಊದಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಆ ನೋವು. ಮೂಗು ತುಸು ಕಟ್ಟಿದ್ದರೆ ಹೋಗಬಹುದು. ಇಳಿಯುವಾಗ ನಿದ್ದೆ ಮಾಡಬೇಡಿ, ಏನಾದರೂ ಚೀಪುತ್ತಾ ನುಂಗುತ್ತಾ ಇರಿ, ಆಕಳಿಸಿ. ಕಿವಿಯಲ್ಲೇ ಸೋಂಕಿದ್ದರೆ, ಜ್ವರವಿದ್ದರೆ ವೈದ್ಯರು ಹೇಳದೆ ಹೊರಡಬೇಡಿ. ಮೂಗು ಬಿಡಿಸುವ ಸ್ಪ್ರೇ ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಅದೇ ಮೂಗನ್ನು ಇನ್ನಷ್ಟು ಕಟ್ಟಿಸುತ್ತದೆ.

ತಾರಾಪಥ
1968ರಲ್ಲಿ ಅಪೋಲೊ 7ರ ನಾಯಕ ವಾಲಿ ಶಿರಾ ಅವರಿಗೆ ಆಕಾಶದಲ್ಲೇ ನೆಗಡಿ ಬಂತು. ಗುರುತ್ವವಿಲ್ಲದೆ ಮೂಗಿನ ನೀರು ಕೆಳಗೆ ಇಳಿಯುವುದೇ ಇಲ್ಲ. ಕಿವಿಗೆ ಪೆಟ್ಟಾದೀತೆಂದು ಭೂಮಿಗೆ ಮರಳುವಾಗ ಶಿರಸ್ತ್ರಾಣ ಹಾಕಲು ಒಪ್ಪಲಿಲ್ಲ, ನೆಲದ ಮೇಲಿನವರೊಂದಿಗೆ ವಾದವೇ ನಡೆಯಿತು.

ಹಳೇಪಯಣಿಗ
ಎಲ್ಲಕ್ಕೂ ಕಾರಣ ವಿಮಾನದೊಳಗಿನ ಗಾಳಿ. ಮುನ್ನೂರು ಜನ ಬಿಟ್ಟ ಉಸಿರನ್ನೇ ಹತ್ತು ಗಂಟೆ ಎಳೆದುಕೊಳ್ಳುವುದು.

ಅಳತೆಗೋಲು
ಇದೂ ಪೂರ್ತಿ ಸರಿಯಲ್ಲ. ಈಗಿನ ದೊಡ್ಡ ವಿಮಾನಗಳಲ್ಲಿ ಒಳಗಿನ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತದೆ. ಸುಮಾರು ಅರ್ಧ ಹೊರಗಿನ ಗಾಳಿ, ಉಳಿದದ್ದು ಹೆಪಾ ಎಂಬ, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಶೋಧಕದ ಮೂಲಕ ಹಾದು ಬಂದದ್ದು. 0.3 ಮೈಕ್ರಾನ್ ಕಣಗಳನ್ನೂ ಆ ಶೋಧಕ ಶೇ 99.97ರಷ್ಟು ಹಿಡಿಯುತ್ತದೆ. ಅಪಾಯ ಇರುವುದು ಪಕ್ಕದಲ್ಲೇ ಕೂತು ಕೆಮ್ಮುವವರಿಂದ, ನಿಲ್ದಾಣದ ಸಾಲುಗಳಿಂದ, ಎಲ್ಲರೂ ಮುಟ್ಟಿದ್ದನ್ನು ಮುಟ್ಟಿ ಕಣ್ಣು ಮೂಗು ಉಜ್ಜಿಕೊಳ್ಳುವುದರಿಂದ. ಹಾಗಾಗಿ ಮಾಸ್ಕ್ ಹಾಕಿ, ಸಾಲಿನಲ್ಲೂ ತೆಗೆಯಬೇಡಿ. ಗಾಳಿ ತುಂಬ ಒಣಗಿರುತ್ತದೆ, ಗಂಟಲು ಕೆರೆದರೆ ಅದು ಕಾಯಿಲೆಯೇ ಆಗಬೇಕಿಲ್ಲ.

ಮದ್ದಿನಮನೆ
ಔಷಧ ಅಂಗಡಿಯಲ್ಲಿ ಕೆಲಸ ಮಾಡುವವನ ಮಾತು. ಹೊರಡುವ ಗಡಿಬಿಡಿಯಲ್ಲಿ ಬಂದು "ಬೇಗ ವಾಸಿಯಾಗಲು ಆ್ಯಂಟಿಬಯಾಟಿಕ್ ಕೊಡಿ" ಎನ್ನುವವರು ಬಹಳ. ನೆಗಡಿ, ಫ್ಲೂ ವೈರಸ್ಸಿನಿಂದ ಬರುವಂಥವು, ಅವುಗಳ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಹೊಟ್ಟೆ ಕೆಟ್ಟು ಇನ್ನೊಂದು ತೊಂದರೆ ಮಾತ್ರ ಆದೀತು. ನೆಗಡಿಯ ಮಾತ್ರೆಗಳಲ್ಲಿ ಅನೇಕ ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಮೇಲೆ ಜ್ವರಕ್ಕೆಂದು ಮತ್ತೆ ಪ್ಯಾರಾಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ಯಕೃತ್ತಿಗೆ ಪೆಟ್ಟು.

ಇನ್ನೊಂದು, ನೀವು ಹೋಗುವ ದೇಶ ಯಾವ ಔಷಧವನ್ನು ಒಳಗೆ ಬಿಡುತ್ತದೆ ಎಂದು ನೋಡಿಕೊಳ್ಳಿ. ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ಜಪಾನಿಗೆ ಒಯ್ಯುವಂತಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಕ್ಕೆ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮೊದಲೇ ಅನುಮತಿ ಬೇಕು. ದಿನವೂ ತೆಗೆದುಕೊಳ್ಳುವ ಔಷಧವಿದ್ದರೆ ಅದರ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಟ್ಟರೆ ಕಷ್ಟ. ಐದು ತಿಂಗಳಲ್ಲವೇ, ಹಲ್ಲನ್ನೂ ಒಮ್ಮೆ ತೋರಿಸಿಬಿಡಿ.

ಕಿಟಕಿಸೀಟು
ಹಲ್ಲಿನ ಮಾತು ನೂರಕ್ಕೆ ನೂರು ನಿಜ. ಹುಳುಕು ಹಲ್ಲು ಆಕಾಶದಲ್ಲಿ ನೋಯುವಷ್ಟು ನೆಲದ ಮೇಲೆ ನೋಯುವುದಿಲ್ಲ.

ಹೊಸ್ತಿಲು
ಎಲ್ಲ ಓದಿದೆ. ಲಸಿಕೆ, ವಿಮೆ, ಹಲ್ಲು, ಎಲ್ಲವೂ ಸರಿ. ಆದರೆ ಆ ನಾಲ್ಕು ವರ್ಷದ ಹುಡುಗನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನೀಲಿಪೆಟ್ಟಿಗೆ, ನೀನು ನನ್ನ ತಂಗಿಯ ವಯಸ್ಸಿನವಳಿರಬೇಕು, ಹಾಗೆಂದೇ ಮಾತಾಡುತ್ತೇನೆ.

ನಾನು ಮೊದಲ ಸಲ ಹೊರಟಾಗ ಎರಡು ವರ್ಷಕ್ಕೆಂದು ಹೋದವಳು. ಹೊರಡುವ ಮುಂಚೆ ಹತ್ತು ದಿನ ಅಜ್ಜಿಯ ಹತ್ತಿರ ಹೋಗಲಿಲ್ಲ, ಅವರಿಗೆ ಕೆಮ್ಮಿತ್ತು. ಫೋನಿನಲ್ಲೇ ಮಾತಾಡಿದೆ. "ಬಂದು ಹೋಗು, ದೂರ ಕೂತುಕೋ" ಎಂದರು. ಬಂದ ಮೇಲೆ ಬರುತ್ತೇನೆ ಎಂದೆ. ಬಂದೆ, ಅಜ್ಜಿಯೂ ಇದ್ದರು, ಆದರೆ ಅಷ್ಟರಲ್ಲಿ ಅವರಿಗೆ ಮರೆವು ಹತ್ತಿತ್ತು. ನನ್ನನ್ನು ಯಾರೋ ಎಂದುಕೊಂಡು ಬಹುವಚನದಲ್ಲಿ ಮಾತಾಡಿಸಿದರು. ಆ ಹತ್ತು ದಿನದಲ್ಲಿ ನನಗೆ ನೆಗಡಿಯೇನೂ ಬಂದಿರಲಿಲ್ಲ. ಬಂದಿದ್ದರೂ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಐದು ತಿಂಗಳು ನಾಲ್ಕು ವರ್ಷದ ಮಗುವಿಗೆ ತುಂಬ ದೀರ್ಘ. ನೀನು ಮರಳುವ ಹೊತ್ತಿಗೆ ಅವನ ಮಾತೇ ಬದಲಾಗಿರುತ್ತದೆ.

ನೀಲಿಪೆಟ್ಟಿಗೆ
ಅಕ್ಕಾ, ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ.

ಎರಡನೇಮಾತು
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಎತ್ತಿಕೊಳ್ಳಿ ಮಗುವನ್ನು, ಮುಗಿಯಿತು.

ರಾತ್ರಿಪಾಳಿ
ಎತ್ತಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲೊಬ್ಬ ತುಂಬು ಬಸುರಿ ಇದ್ದಾರೆ, ಫ್ಲೂ ಬಸುರಿಯರನ್ನು ಉಳಿದವರಿಗಿಂತ ಹೆಚ್ಚು ಕಾಡುತ್ತದೆ. ಆದ್ದರಿಂದ "ಮುಗಿಯಿತು" ಎನ್ನುವಷ್ಟು ಸುಲಭವೂ ಅಲ್ಲ. ಈಗ ಇರುವ ದಿನಗಳಲ್ಲಿ ಮನಸಾರೆ ಎತ್ತಿಕೊಳ್ಳಿ. ಆಮೇಲೆ ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯಿರಿ. ಕೈಗೆ ಹಚ್ಚುವ ದ್ರಾವಣ ನೊರೊವೈರಸ್‌ಗೆ ಸಾಲದು, ಸೋಪೇ ಬೇಕು. ಕೊನೆಯ ವಾರ ಅವನ ಮುಖಕ್ಕೆ ಮುಖ ಕೊಡುವ ಬದಲು ಬೆನ್ನಿನ ಕಡೆಯಿಂದ ಮಡಿಲಲ್ಲಿ ಕೂರಿಸಿಕೊಂಡು, ಕಿಟಕಿ ತೆರೆದಿಟ್ಟು, ಕಥೆ ಓದಿ. ನೀವು ಮಾಸ್ಕ್ ಹಾಕಿಕೊಂಡರೂ ಅವನಿಗೆ ಬೇಸರವಾಗುವುದಿಲ್ಲ. ಕೈ ಅಡ್ಡ ಹಿಡಿದರೆ ಮಾತ್ರ ಆಗುತ್ತದೆ.

ನೀಲಿಪೆಟ್ಟಿಗೆ
(ಐದು ದಿನದ ನಂತರ) ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಮೊನ್ನೆಯಲ್ಲ ಆಚೆ ಮೊನ್ನೆ ಎರಡೂ ಚುಚ್ಚುಮದ್ದು ಆಯಿತು. ಅಂದು ರಾತ್ರಿ ತೋಳು ನೋವು, ಮೈ ಬಿಸಿ, 37.8. ಪೂರ್ತಿ ಗಾಬರಿಯಾದೆ. ಬೆಳಿಗ್ಗೆಗೆ ಇಳಿದಿತ್ತು. ಅಕ್ಕನಿಗೆ ಎಂಟು ತಿಂಗಳಿರುವಾಗಲೇ ಲಸಿಕೆ ಆಗಿದೆಯಂತೆ. ವಿಮೆಯ ಕಾಗದ ಓದಿದೆ, ರದ್ದತಿಗೂ ಕೊಡುತ್ತಾರೆ, ಆದರೆ ಸಣ್ಣಚೀಲದವರು ಹೇಳಿದ ಪತ್ರದ ಷರತ್ತು ನಿಜವಾಗಿಯೂ ಇದೆ. ಟಿಕೆಟ್ 24 ಗಂಟೆ ಮುಂಚೆ ಹೇಳಿದರೆ ಬದಲಿಸಬಹುದು.

ನಾನು ತಡವಾದರೆ ಏನು ಮಾಡುತ್ತೀಯೆ ಎಂದು ಅಕ್ಕನನ್ನೇ ನೇರವಾಗಿ ಕೇಳಿದೆ. ಪಕ್ಕದ ಮನೆಯವರನ್ನು ತಿಂಗಳ ಹಿಂದೆಯೇ ಕೇಳಿ ಗೊತ್ತು ಮಾಡಿಕೊಂಡಿದ್ದಾಳೆ. ನನಗೆ ಹೇಳಿದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಹೇಳಿರಲಿಲ್ಲವಂತೆ.

ಗೆಳತಿಯ ಕೋಣೆಗೆ ಹೋಗುತ್ತಿಲ್ಲ.

ರಾತ್ರಿಪಾಳಿ
37.8 ಲಸಿಕೆಗೆ ಮೈ ಕೊಟ್ಟ ಉತ್ತರ, ಒಂದೆರಡು ದಿನ ಸಹಜ. ಒಳ್ಳೆಯ ಕೆಲಸ ಮಾಡಿದಿರಿ.

ನೀಲಿಪೆಟ್ಟಿಗೆ
(ಮತ್ತೆ ನಾಲ್ಕು ದಿನ ಕಳೆದು) ಮೂಗು ಸೋರುತ್ತಿದೆ. ಗಂಟಲೂ ಕೆರೆಯುತ್ತಿದೆ, ಈ ಸಲ ನಿಜವಾಗಿಯೂ. ಜ್ವರ ಇಲ್ಲ. ಇನ್ನು 10 ದಿನ. ನಿನ್ನೆ ರಾತ್ರಿ ಒಂಬತ್ತು ಗಂಟೆ ನಿದ್ದೆ ಮಾಡಿದೆ, ತಿಂಗಳಿನಿಂದ ಅಷ್ಟು ಮಲಗಿರಲಿಲ್ಲ.

ಹೊಸ್ತಿಲು
ಹುಡುಗನಿಂದಲೇ ಬಂತೇ?

ನೀಲಿಪೆಟ್ಟಿಗೆ
ಹೌದಕ್ಕಾ. ಅವನ ಎಲ್ಲ ಪುಸ್ತಕಗಳನ್ನೂ ಓದಿ ಮುಗಿಸಿದ್ದೇವೆ.

ರಾತ್ರಿಪಾಳಿ
10 ದಿನ ಸಾಕು. ನೀರು ಕುಡಿಯಿರಿ, ಮಲಗಿ. ಜ್ವರ 38 ದಾಟಿದರೆ, ಉಸಿರಾಡಲು ಕಷ್ಟವಾದರೆ, ಕಡಿಮೆಯಾಗಿ ಮತ್ತೆ ಏರಿದರೆ ವೈದ್ಯರ ಹತ್ತಿರ ಹೋಗಿ, ಚೀಟಿ ಬರೆಸಿಕೊಳ್ಳಿ.

ಹಳೇಪಯಣಿಗ
ವಿಟಮಿನ್ ಸಿ ತೆಗೆದುಕೊಳ್ಳಬೇಕಿತ್ತು.

ಸಣ್ಣಚೀಲ
ಇವತ್ತಲ್ಲವೇ ಹೊರಡುವುದು? ಹೇಗಿದ್ದೀರಿ?

ನೀಲಿಪೆಟ್ಟಿಗೆ
ವಿಮಾನ ನಿಲ್ದಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೂಗು ಬಿಟ್ಟಿದೆ, ಕೆಮ್ಮು ಆಗೊಮ್ಮೆ ಈಗೊಮ್ಮೆ. ನಿನ್ನೆ ವೈದ್ಯರು ಎದೆ, ಕಿವಿ ಎರಡೂ ನೋಡಿ ಹೋಗಬಹುದು ಎಂದರು. ಮಾಸ್ಕ್ ಹಾಕಿದ್ದೇನೆ, ಕೆಮ್ಮು ಪೂರ್ತಿ ನಿಲ್ಲುವವರೆಗೆ ಅಕ್ಕನ ಮನೆಯಲ್ಲೂ ಹಾಕಿಕೊಂಡೇ ಇರುತ್ತೇನೆ. ಬೆಳಿಗ್ಗೆ ಹೊರಡುವಾಗ ಅವನು ನಿದ್ದೆಗಣ್ಣಿನಲ್ಲಿ ಬಂದು ಕುತ್ತಿಗೆಗೆ ಜೋತುಬಿದ್ದ, ಇಳಿಸಲು ಅಣ್ಣನೇ ಬರಬೇಕಾಯಿತು. ನನ್ನ ಭುಜದ ಮೇಲೆ ಅವನ ಮೂಗಿನ ಗುರುತು ಇನ್ನೂ ಇದೆ. ಸಾಲು ಶುರುವಾಯಿತು, ಬರುತ್ತೇನೆ.